ಕೊರಳಲ್ಲಿ ಏನಿಲ್ಲ
ಐವತ್ತೆಂಟನೆಯ ವಯಸ್ಸಿಗೆ ಕಾಶವ್ವ ಕೆಲಸಕ್ಕೆ ಸೇರಿದ್ದು ಮಗನಿದ್ದ ಪರದೇಶದ ಊರು ಹೇಸ್‌ನಲ್ಲಿ, ವಿಮಾನಗಳಿಗೆ ಊಟ ಕಟ್ಟುವ ಕಾರ್ಖಾನೆಗೆ. ವಿಜಯಪುರದಲ್ಲಿ ಮನೆತುಂಬ ಜನಕ್ಕೆ ರೊಟ್ಟಿ ಬಡಿದ ಕೈ ಇಲ್ಲಿ ಯಾರೆಂದೇ ಅರಿಯದವರ ತಟ್ಟೆಗೆ ಮೂರು ಮೂರು ತುಂಡು ಗಜ್ಜರಿ ಇಡುತ್ತಿತ್ತು. ಪಕ್ಕದಲ್ಲಿ ಸೋಮಾಲಿಯಾದವಳು, ಎದುರಿಗೆ ಪಂಜಾಬಿನ ಕುಲವಿಂದರ್. ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದು. ಬೆನ್ನುನೋವು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು.

ಊಟದಲ್ಲಿ ಒಡವೆ ಬೀಳಬಾರದೆಂದು ಒಳಬಾಗಿಲಲ್ಲಿ ಸೂಪರ್‌ವೈಸರ್ ದಿನವೂ ಕೇಳುವವನು: ಕೈಯಲ್ಲಿ, ಕೊರಳಲ್ಲಿ ಏನಾದರೂ ಇದೆಯೇ? ಮೊದಲ ದಿನವೇ ಕಾಶವ್ವ "ಏನಿಲ್ಲ" ಎಂದುಬಿಟ್ಟಳು. ಕೊರಳಲ್ಲಿ ಇಷ್ಟಲಿಂಗವಿತ್ತು, ಬೆಳ್ಳಿಯ ಕರಡಿಗೆಯಲ್ಲಿ. ಕೂಸಾಗಿದ್ದಾಗ ಕಟ್ಟಿದ್ದು. ಪರರ ಕಣ್ಣಿಗೆ ಅದನ್ನು ಬೀಳಿಸಬಾರದೆಂದು ಅವ್ವ ಕಲಿಸಿದ್ದಳು. ಬೂಟುಗಾಲಿನ ಗಂಡಸಿನ ಮುಂದೆ ತೆಗೆದು ತೋರಿಸುವುದುಂಟೇ? ನೆಪ ಹೇಳಿ ಹಿಂದಿರುಗಿ, ಬಿಚ್ಚಿ ಲಾಕರಿನಲ್ಲಿಟ್ಟಳು. ಮನೆಯಲ್ಲಿ ಬಿಟ್ಟುಬರಲು ಜೀವ ಒಪ್ಪದು. ಗೋಡೆಯಾಚೆಗಾದರೂ ಇರಲಿ ಎಂದುಕೊಂಡು ದಿನವೂ ಹಾಗೇ ಇಟ್ಟಳು.

ಕುಲವಿಂದರ್ ಕೈಯ ಕಡಗ ಕೈಯಲ್ಲೇ ಇತ್ತು. ಧರ್ಮದ್ದೆಂದು ಹೇಳಿ, ಕಾಗದಕ್ಕೆ ಸಹಿ ಮಾಡಿ, ನೀಲಿ ಟೇಪು ಸುತ್ತಿಕೊಂಡಿದ್ದಳಂತೆ. ಲಾಕರಿನ ಬಳಿ ಇವಳು ದಾರ ಬಿಚ್ಚುವುದನ್ನು ಕಂಡು, ನೀನೂ ಕೇಳು ಎಂದಳು. ಕೇಳಬೇಕೆಂದರೆ ತೋರಿಸಬೇಕು. ಕಾಶವ್ವ ಇವತ್ತು ನಾಳೆ ಎಂದು ತಳ್ಳಿದಳು.

ಶುಕ್ರವಾರ ಮಧ್ಯಾಹ್ನ ಒಲೆಯೊಂದಕ್ಕೆ ಬೆಂಕಿ ಹತ್ತಿ ಗಂಟೆ ಹೊಡೆಯಿತು. ಎಲ್ಲರನ್ನೂ ಬಿಳಿಯಂಗಿಯಲ್ಲೇ ಹೊರಗಟ್ಟಿದರು. ಹೊಗೆಯೆಂದು ಒಳಗೆ ಯಾರನ್ನೂ ಬಿಡಲಿಲ್ಲ, ಸೋಮವಾರ ಬನ್ನಿ ಎಂದರು. ಕಾಶವ್ವ ಕಾವಲುಗಾರನ ಕಾಲಿಗೆ ಬೀಳುವುದೊಂದು ಬಾಕಿ. ಒಳಗೇನಿದೆ ಎಂದು ಅವನು ಕೇಳಿದರೆ ಮತ್ತೆ "ಏನಿಲ್ಲ" ಎಂದುಬಿಟ್ಟಳು.

ಲಿಂಗಪೂಜೆಯಾಗದೆ ಅನ್ನ ಮುಟ್ಟಿದವಳಲ್ಲ. ಎರಡು ದಿನ ಬರೀ ನೀರು ಕುಡಿದಳು. ಮಗ ನಿತೀಶ ಬೈದ, ಬೇಡಿಕೊಂಡ. ಅವಳ ಕಣ್ಣ ಮುಂದೆ, ಹೋದ ವರ್ಷ ಇಲ್ಲೇ ತೀರಿಕೊಂಡ ಗಂಡ ನಿಜಲಿಂಗಪ್ಪನೇ ಇದ್ದ. ಊರಿನಂತೆ ಕೂರಿಸಿ ಮಣ್ಣು ಮಾಡಲು ಇಲ್ಲಿ ಆಗಿರಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಆದರೂ ಅವನ ಎಡ ಅಂಗೈಯಲ್ಲಿ ಅವನ ಲಿಂಗವನ್ನು ಇವಳೇ ಇಟ್ಟಿದ್ದಳು. ಅಷ್ಟಾದರೂ ಉಳಿಯಿತಲ್ಲ ಎಂಬ ಸಮಾಧಾನದಲ್ಲೇ ವರ್ಷ ಕಳೆದಿದ್ದಳು.

ಸೋಮವಾರ ಲಾಕರುಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಹೊಗೆ ನಾತಕ್ಕೆ ಬೀಗ ಕತ್ತರಿಸಿ ತೊಳೆದಿದ್ದರು. ಕೋಟು, ಚಪ್ಪಲಿ, ಪರ್ಸು ಎಲ್ಲ ಚೀಟಿ ಅಂಟಿಸಿಕೊಂಡು ಮೇಜಿನ ಮೇಲಿದ್ದವು, ಕರಡಿಗೆ ಇರಲಿಲ್ಲ. ಅವಳು ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದಳು, ಅಂಗೈಯಲ್ಲಿ ಬೆರಳಿಂದ ಗುಂಡಗೆ ಬರೆದು ತೋರಿಸಿದಳು. ಸೂಪರ್‌ವೈಸರ್ ಕೆಟ್ಟವನಲ್ಲ, ತೊಳೆದವರನ್ನು ಕರೆಸಿ ಕೇಳಿದ. ಹೊಗೆಗೆ ಕಪ್ಪಾದ ಡಬ್ಬಿಯೊಳಗೆ ಏನೋ ಕರ್ರಗೆ ಇತ್ತು, ಕೆಟ್ಟ ತಿನಿಸೆಂದು ಡಬ್ಬಿಸಮೇತ ಕಸಕ್ಕೆ ಹಾಕಿದೆವು ಎಂದರು. ಕಸದ ಲಾರಿ ಬೆಳಿಗ್ಗೆಯೇ ಹೋಗಿತ್ತು. ಮೊದಲೇ ಹೇಳಿದ್ದರೆ ಕೊರಳಲ್ಲೇ ಬಿಡುತ್ತಿದ್ದೆನಲ್ಲಾ ಎಂದು ಅವನು ಪೇಚಾಡಿದ. ಆ ಮಾತೇ ಅವಳನ್ನು ಕೊಂದಿತು.

ಊರಿನ ಮಠದಿಂದ ಬೇರೆ ಲಿಂಗ ತರಿಸೋಣ ಎಂದ ನಿತೀಶ, ರಾತ್ರಿ ಮನೆಯಲ್ಲಿ.

"ತರಸಪಾ. ಅದು ಹೊಸಾದು, ನನ್ನ ಗುರುತ ಅದಕ್ಕಿಲ್ಲ," ಎಂದಳು ಕಾಶವ್ವ. "ನಿಮ್ಮಪ್ಪನ ಕೈಯಾಗ ಅವರದ ಐತಿ. ನಾಳೆ ನನ್ನ ಕೈಯಾಗ ಏನ ಇಡ್ತಿ?"

ಅವನು ತಟ್ಟೆ ಮುಂದಿಟ್ಟ. ಕಾಯುವುದಕ್ಕೆ ಇನ್ನೇನೂ ಇರಲಿಲ್ಲವಾದ್ದರಿಂದ ಅವಳು ಉಂಡಳು.

ಮರುದಿನ ಒಳಬಾಗಿಲಲ್ಲಿ ಸೂಪರ್‌ವೈಸರ್ ಎಲ್ಲರನ್ನೂ ಕೇಳುತ್ತ ಬಂದ. ಇವಳ ಮುಂದೆ ತಡೆದು ನಿಂತ. ಆದರೂ ನಿಯಮ ನಿಯಮವೇ, ಮೆಲ್ಲಗೆ ಕೇಳಿದ.

"ಏನಿಲ್ಲ," ಎಂದಳು ಕಾಶವ್ವ, ಮತ್ತು ಕೊರಳಪಟ್ಟಿ ಸರಿಸಿ ತೋರಿಸಿದಳು.