ಕಾಣಬಾರದ ಮೇಕಪ್ಪು

ಅಕ್ಕ ಈಜು ಕಲಿಸುವವಳು, ತಂಗಿ ಮುಖಕ್ಕೆ ಮೇಕಪ್ಪು ಮಾಡುವವಳು. ಒಬ್ಬಳಿಗೆ ಬೆಳಗಿನಿಂದ ಸಂಜೆಯವರೆಗೆ ನೀರೇ ಮನೆ. ಇನ್ನೊಬ್ಬಳಿಗೆ ಒಂದು ಹನಿ ನೀರು ತಪ್ಪಿ ಬಿದ್ದರೂ ಜೀವ ಹೋದಷ್ಟು ಸಂಕಟ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಮನೆಯಲ್ಲಿ ಬಾಳುತ್ತಿದ್ದ ಇಬ್ಬರೂ ಇಷ್ಟು ವರ್ಷ ಒಬ್ಬರ ಕಸುಬನ್ನು ಇನ್ನೊಬ್ಬರು ಆಡಿಕೊಂಡೇ ಕಾಲ ಹಾಕಿದ್ದರು.

ತಂಗಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಮದುವೆಯ ದಿನ ಗೊತ್ತಾದ ಕೂಡಲೇ, ಅಡಿಗೆಯವರಿಗೆ ಹೇಳುವ ಮೊದಲೇ ಅವಳಿಗೆ ಫೋನ್ ಮಾಡುವವರಿದ್ದರು. ಫ್ಯಾಶನ್ ಶೋ ನಡೆಸುವವರೂ ಅವಳನ್ನೇ ಕರೆಯುತ್ತಿದ್ದರು. ಆದರೆ ಅಕ್ಕನ ಬಾಯಲ್ಲಿ ಅವಳಿಗಿದ್ದ ಬಿರುದು ಒಂದೇ: "ಗೋಡೆ ಬಿಟ್ಟು ಮುಖಕ್ಕೆ ಸುಣ್ಣ ಬಳಿಯೋಳು."

ಒಮ್ಮೆ ಮನೆಯ ಬೀಗದ ಕೈ ಕೊಡಲು ಅಕ್ಕ ಫ್ಯಾಶನ್ ಶೋದ ಪರದೆಯ ಹಿಂದಕ್ಕೇ ಬಂದಿದ್ದಳು. ಅಲ್ಲಿ ರೆಪ್ಪೆಗೆ ಬೆಳ್ಳಿಯ ಪುಡಿ, ತುಟಿಗೆ ಕಡು ನೀಲಿ ಹಚ್ಚಿಸಿಕೊಂಡ ಹುಡುಗಿಯೊಬ್ಬಳು ವೇದಿಕೆಗೆ ಹೋಗಲು ಸಿದ್ಧಳಾಗಿ ಕೂತಿದ್ದಳು. ಅಕ್ಕ ಗಾಬರಿಯಿಂದ ಅವಳ ಕೈ ಹಿಡಿದು ನಾಡಿ ನೋಡಿ, "ಎಷ್ಟು ಹೊತ್ತು ನೀರಲ್ಲಿದ್ದೆ ಮಗಳೇ? ತುಟಿ ಪೂರ್ತಿ ನೀಲಿ ಆಗಿದೆಯಲ್ಲ! ಯಾರಾದ್ರೂ ಟವೆಲ್ ತನ್ನಿ" ಎಂದಿದ್ದಳು. ಆ ಹುಡುಗಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಬೆಳ್ಳಿಯೆಲ್ಲ ಕೆನ್ನೆಗಿಳಿಯಿತು. ತಂಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಇಂಥ ಅಕ್ಕ ಐವತ್ತು ದಾಟಿದ ಮೇಲೆ ಒಂದು ದಿನ ಚಹಾ ಕುಡಿಯುತ್ತಾ, ನಲ್ಲಿ ಸೋರುತ್ತಿದೆ ಎನ್ನುವ ಧಾಟಿಯಲ್ಲಿ, "ನಾನು ಮದುವೆ ಆಗ್ತಿದೀನಿ" ಎಂದಳು.

ವರ, ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ತಲೆ ನರೆತ ಮೇಲೆ ಈಜು ಕಲಿಯುವ ಹುಚ್ಚು ಹಿಡಿದು ಅಕ್ಕನ ಹತ್ತಿರ ಸೇರಿದ್ದರು. ಕನ್ನಡಕ ತೆಗೆದರೆ ಅವರಿಗೆ ಕೊಳದ ದಂಡೆಯೇ ಕಾಣುತ್ತಿರಲಿಲ್ಲ. ಹಾಗಾಗಿ ಅಕ್ಕನ ದನಿ ಬಂದ ಕಡೆಗೇ ಕೈಕಾಲು ಬಡಿಯುತ್ತಿದ್ದರು. ಈಜು ಅಷ್ಟಕ್ಕಷ್ಟೇ ಬಂತು. ದನಿ ಮಾತ್ರ ಮನಸ್ಸಿಗೆ ಚೆನ್ನಾಗಿ ಹಿಡಿಸಿತು.

ತಂಗಿ ಕುಣಿದಾಡಿಬಿಟ್ಟಳು. "ಅಕ್ಕಾ, ನಿನ್ನ ಮುಖ ಕೊನೆಗೂ ನನ್ನ ಕೈಗೆ ಸಿಕ್ತು!"

"ಸಿಗಲ್ಲ. ಇದ್ದ ಹಾಗೇ ಹೋಗ್ತೀನಿ."

"ಇದ್ದ ಹಾಗೆ ಅಂದ್ರೆ ಹೇಗೆ? ಕನ್ನಡಿ ನೋಡ್ಕೊಂಡು ಎಷ್ಟು ವರ್ಷ ಆಯ್ತು?"

ಕನ್ನಡಿ ನೋಡಿದರೆ ಯಾರಿಗಾದರೂ ಗೊತ್ತಾಗುವಂತಿತ್ತು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಅಕ್ಕನ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಗಾಗಲ್ಸ್ ಕೂರುವ ಜಾಗ ಮಾತ್ರ, ಎರಡು ಕಣ್ಣಿನ ಸುತ್ತ, ಬೆಳ್ಳಗೆ ಉಳಿದಿತ್ತು. ಕೊಳದ ಮಕ್ಕಳು ಎದುರಿಗೆ ಕೋಚಮ್ಮ ಎಂದೂ, ಹಿಂದಿನಿಂದ ಗೂಬಮ್ಮ ಎಂದೂ ಕರೆಯುತ್ತಿದ್ದರು. ಅಕ್ಕನಿಗೆ ಅದು ಗೊತ್ತಿತ್ತು. ಹಾಗೆಂದವರಿಗೆ ಕೊಳದ ಇನ್ನೊಂದು ಸುತ್ತು ಹೆಚ್ಚಿಗೆ ಸಿಗುತ್ತಿತ್ತು, ಅಷ್ಟೇ.

ಬಹಳ ಗೋಗರೆದ ಮೇಲೆ ಅಕ್ಕ ಒಂದು ಸಲ ಹಚ್ಚಿ ನೋಡಲು ಒಪ್ಪಿದಳು. ತಂಗಿಯ ಕೈ ನಿಲ್ಲಲಿಲ್ಲ. ಇಷ್ಟು ವರ್ಷದ ಆಸೆಯೆಲ್ಲ ಆ ಒಂದು ಮುಖದ ಮೇಲೆ ಬಿತ್ತು. ರೆಪ್ಪೆಗೆ ಚಿನ್ನದ ಹೊಳಪು, ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು. ಮುಗಿಸಿ ಕನ್ನಡಿ ಹಿಡಿದಾಗ ಅಕ್ಕ ಒಂದು ಕ್ಷಣ ತಿರುಗಿ ಹಿಂದೆ ನೋಡಿದಳು.

"ಯಾರನ್ನ ಹುಡುಕ್ತಿದೀಯಾ?"

"ಕನ್ನಡಿಯಲ್ಲಿ ಇರೋಳನ್ನ. ನನ್ನ ಹಿಂದೆ ಎಲ್ಲೋ ನಿಂತಿರಬೇಕು."

ಎದ್ದು ಹೋಗಿ, ಸಾಬೂನು ಹಾಕಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದಳು. ಆಮೇಲೆ ತಂಗಿಯ ಪಕ್ಕ ಕೂತು ಸ್ವಲ್ಪ ತಗ್ಗಿದ ದನಿಯಲ್ಲಿ, "ನೋಡು, ಈ ವಯಸ್ಸಲ್ಲಿ ಮದುವೆ ಅಂದ್ರೇನೇ ಜನ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ನಗ್ತಾರೆ. ಮೇಲಿಂದ ಬಣ್ಣಾನೂ ಬಳ್ಕೊಂಡ್ರೆ ಮುಗೀತು. ಮಾಡೋದಾದ್ರೆ ಮಾಡು. ಆದ್ರೆ ಮಾಡಿದ್ದು ಯಾರಿಗೂ ಕಾಣಬಾರದು. ನೀನೂ ಬಾಯಿ ಬಿಡಬಾರದು" ಎಂದಳು.

ತಂಗಿ ಮುಖ ಊದಿಸಿಕೊಂಡಳು. ಎದ್ದು ಕಾಣುವ ಮೇಕಪ್ಪು ಸುಲಭ. ಕಾಣದ ಮೇಕಪ್ಪು ಎಂದರೆ ಕತ್ತಿಯ ಅಲುಗಿನ ಮೇಲೆ ನಡೆದಷ್ಟು ನಾಜೂಕಿನ ಕೆಲಸ. ಅಷ್ಟು ಕಷ್ಟಪಟ್ಟದ್ದನ್ನು ಹೇಳಿಕೊಳ್ಳಲೂ ಕೂಡದಂತೆ! ಆದರೆ ಅಕ್ಕ ಏನನ್ನಾದರೂ ಕೇಳುವುದೇ ಅಪರೂಪ. "ಆಯ್ತು" ಎಂದಳು.

ಮದುವೆಯ ಬೆಳಿಗ್ಗೆ ತಂಗಿ ಅಕ್ಕನನ್ನು ಕಿಟಕಿಯ ಪಕ್ಕ, ನೇರ ಬೆಳಕು ಬೀಳುವಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಮುಖ ತೊಳೆಸಿ, ಒದ್ದೆ ಇರುವಾಗಲೇ ಕ್ರೀಮು ತಿಕ್ಕಿದಳು. ಕೊಳದ ಔಷಧಿ ನೀರಿಗೆ ಒಣಗಿದ್ದ ಚರ್ಮ ಅದನ್ನು ಗಟಗಟ ಕುಡಿದುಬಿಟ್ಟಿತು. ಇನ್ನೊಂದು ಸಲ ಹಚ್ಚಿ, ಅದು ಇಳಿಯುವವರೆಗೆ ಸುಮ್ಮನೆ ಕಾದಳು.

"ಈಗ ಪ್ರೈಮರ್."

ಅಕ್ಕ ಥಟ್ಟನೆ ಕಣ್ಣು ಬಿಟ್ಟಳು. "ಗೋಡೆಗೂ ಬಣ್ಣಕ್ಕೆ ಮೊದಲು ಪ್ರೈಮರ್ರೇ ಹೊಡಿಯೋದು! ನಾನು ಹೇಳಿದ್ದು ಸುಳ್ಳಾ?"

"ಗೋಡೆ ಮಾತಾಡಲ್ಲ. ಸುಮ್ಮನಿರು."

ನಿಜವಾದ ಕಷ್ಟ ಮುಂದಿತ್ತು. ಕಣ್ಣಿನ ಸುತ್ತಲಿನ ಬಿಳಿಗೆ ಒಂದು ಬಣ್ಣದ ಫೌಂಡೇಶನ್, ಉಳಿದ ಮುಖಕ್ಕೆ ಇನ್ನೊಂದು. ಎರಡೂ ಸೇರುವ ಗೆರೆ ಎಲ್ಲೂ ತಿಳಿಯಕೂಡದು. ತಂಗಿ ಮುಂಗೈ ಮೇಲೆ ಬಣ್ಣಗಳನ್ನು ಕಲಸಿ, ಕಿಟಕಿಯ ಬೆಳಕಿಗೆ ಹಿಡಿದು, ಅಳಿಸಿ, ಮತ್ತೆ ಕಲಸಿದಳು. ಒದ್ದೆ ಸ್ಪಂಜಿನಿಂದ ಎಳೆಯದೆ, ಮೆಲ್ಲಗೆ ಒತ್ತಿ ಒತ್ತಿ, ಎಲೆಯ ಮೇಲಿನ ಮಂಜಿನಷ್ಟು ತೆಳ್ಳಗೆ ಕೂರಿಸಿದಳು. ಮೇಲೆ ನವಿರಾಗಿ ಪೌಡರು. ಹುಬ್ಬಿನ ಸಂದುಗಳಲ್ಲಿ ಕೂದಲಿನಂಥದೇ ಗೆರೆಗಳು. ಕಾಡಿಗೆಯನ್ನು ರೆಪ್ಪೆಯ ಮೇಲೆ ಎಳೆಯದೆ ಕೂದಲ ಬುಡದಲ್ಲೇ ಚುಕ್ಕಿ ಚುಕ್ಕಿಯಾಗಿ ಅಡಗಿಸಿದಳು.

ಈ ಹಂತದಲ್ಲಿ ಎಂಥ ರೂಪದರ್ಶಿಯೂ ಕಣ್ಣು ಮಿಟುಕಿಸಿ ಅವಳ ತಾಳ್ಮೆ ಪರೀಕ್ಷಿಸುತ್ತಿದ್ದಳು. ನೀರೊಳಗೆ ಕಣ್ಣು ಬಿಟ್ಟು ರೂಢಿಯಾಗಿದ್ದ ಅಕ್ಕ ಕಲ್ಲಿನ ಗೊಂಬೆಯ ಹಾಗೆ ಕೂತಿದ್ದಳು.

"ಅಕ್ಕಾ, ನಿನ್ನಂಥ ಕಣ್ಣು ನನಗೆ ಯಾವತ್ತೂ ಸಿಕ್ಕಿಲ್ಲ."

"ಹೊಗಳಬೇಡ, ನಗು ಬರತ್ತೆ. ಇದು ನೀರಿಗೆ ಹೋಗತ್ತಾ?"

"ನೀನು ಈಗಲೇ ಹೋಗಿ ಕೊಳಕ್ಕೆ ಹಾರಿದ್ರೂ ಹೋಗಲ್ಲ. ಎಣ್ಣೆ ಅಂಶ ತಾಗಿಸಿದ್ರೆ ಮಾತ್ರ ಬಿಡತ್ತೆ."

ಕೊನೆಗೆ ತುಟಿಗೆ ಬಣ್ಣ ಹಚ್ಚಿ, ಕಾಗದದಲ್ಲಿ ಒತ್ತಿ ತೆಗೆದು, ಉಳಿದ ನೆರಳಷ್ಟನ್ನೇ ಬಿಟ್ಟಳು. ಕನ್ನಡಿಯಲ್ಲಿ ಅಕ್ಕ ಬಹಳ ಹೊತ್ತು ನೋಡಿಕೊಂಡಳು. ಚೆನ್ನಾಗಿ ನಿದ್ದೆ ಮಾಡಿ ಎದ್ದ ಅವಳದೇ ಮುಖ ಅಲ್ಲಿತ್ತು. "ಏನೂ ಮಾಡೇ ಇಲ್ಲವಲ್ಲೇ ನೀನು" ಎಂದಳು. ತಂಗಿಗೆ ಅದೇ ದೊಡ್ಡ ಬಹುಮಾನ. ಆದರೂ ಬ್ರಶ್ಶುಗಳನ್ನು ಒರೆಸುತ್ತಾ, ಯಾರಾದರೂ ಒಬ್ಬರು ಕಂಡುಹಿಡಿಯಲಿ ದೇವರೇ ಎಂದು ಒಳಗೊಳಗೇ ಹರಕೆ ಹೊತ್ತಳು.

ನೋಂದಣಿ ಕಚೇರಿಯಲ್ಲಿ ಸಹಿ ಬೇಗ ಮುಗಿಯಿತು. ಊಟ, ಫೋಟೋ ಎಲ್ಲ ಒಂದು ಸಣ್ಣ ಹೋಟೆಲಿನ ಹಾಲಿನಲ್ಲಿ. ನೆಂಟರು ಸೇರಿದ್ದರು. ಯಾರೂ ಏನನ್ನೂ ಕಂಡುಹಿಡಿಯಲಿಲ್ಲ.

ಮೊದಲು ಬಂದವಳು ಚಿಕ್ಕಮ್ಮ. ಅಮ್ಮ ಹೋದ ಮೇಲೆ ಈ ಇಬ್ಬರನ್ನು ಗದರಿಸುವ ಹಕ್ಕು ಪೂರ್ತಿ ಅವಳದೇ. ಮದುಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಂಗಿಯ ಕಡೆ ತಿರುಗಿದಳು. "ಊರಿನವರ ಮುಖಕ್ಕೆಲ್ಲ ಹಚ್ತೀಯ. ಒಡಹುಟ್ಟಿದೋಳಿಗೆ ಒಂದು ಚಿಟಿಕೆ ಪೌಡರ್ ಹಾಕೋಕೆ ಕೈ ಬರಲಿಲ್ವಾ?"

ತಂಗಿ ತುಟಿ ಕಚ್ಚಿಕೊಂಡಳು. ಅಕ್ಕ ಹಿಂದಿನಿಂದ ಕಣ್ಣು ಹೊಡೆದಳು. ಅವಳಿಗೆ ಇದಕ್ಕಿಂತ ದೊಡ್ಡ ಮೋಜಿರಲಿಲ್ಲ.

ಆಮೇಲೆ ಬಂದವರು ಕನ್ನಡಕದವರ ಅಕ್ಕ. ತಮ್ಮನ ಅಂಗಡಿಯ ಕನ್ನಡಕ ಹಾಕಿಕೊಂಡು, ಎಲ್ಲವೂ ತಮಗೇ ಸ್ಪಷ್ಟವಾಗಿ ಕಾಣುತ್ತದೆಂದು ನಂಬಿದ್ದ ಹೆಂಗಸು. ಮದುಮಗಳ ಗಲ್ಲ ಹಿಡಿದು, "ನೋಡಿ, ಎಷ್ಟು ಲಕ್ಷಣ! ಒಂದು ತೊಟ್ಟು ಬಣ್ಣ ಇಲ್ಲ. ದೇವರು ಕೊಟ್ಟಿದ್ದು ಕೊಟ್ಟ ಹಾಗೇ ಇದೆ" ಎಂದು ಹಾಲಿಗೆಲ್ಲ ಕೇಳುವಂತೆ ಸಾರಿದರು.

ದೇವರಿಗೆ ಹೋದ ಈ ಹೊಗಳಿಕೆಯನ್ನು ಕೇಳಿ ತಂಗಿ ನೀರಿನ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದಳು. ಅಕ್ಕ ಈ ಸಲ ಕಣ್ಣು ಹೊಡೆಯಲಿಲ್ಲ. ಮುಖದಲ್ಲಿನ ಮೋಜು ಯಾಕೋ ಸ್ವಲ್ಪ ಇಳಿದಿತ್ತು.

ಅಷ್ಟರಲ್ಲಿ ಅದೇ ಹೆಂಗಸು ತಮ್ಮ ಮಗಳ ಕಿವಿಯಲ್ಲಿ, ಆದರೆ ಪಕ್ಕದ ಮೇಜಿಗೂ ಕೇಳುವಂತೆ ಪಿಸುಗುಟ್ಟಿದರು: "ನಿನ್ನ ಮದುವೆಗೆ ಇವಳಿಗೇ ಹೇಳೋಣ ಅಂದ್ಕೊಂಡಿದ್ದೆ. ಬೇಡಪ್ಪ. ಸ್ವಂತ ಅಕ್ಕನ್ನೇ ಬರೀ ಮುಖದಲ್ಲಿ ಕಳಿಸಿದೋಳು ನಮಗೇನು ಮಾಡ್ತಾಳೆ? ಏನೋ ಹೊಟ್ಟೆಕಿಚ್ಚು ಇರಬೇಕು. ಅಕ್ಕನಿಗೆ ಮದುವೆ ಆಗ್ತಿದೆ, ತನಗಿನ್ನೂ ಆಗಿಲ್ಲ ಅಂತ."

ತಂಗಿ ಕೇಳದವಳ ಹಾಗೆ ಹೂದಾನಿ ಸರಿಪಡಿಸತೊಡಗಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಅಕ್ಕ ಎದ್ದು ನಿಂತಳು. ಕೊಳದ ಆಚೆ ದಡದ ಮಕ್ಕಳನ್ನು ಕರೆಯುವ ದನಿಯಲ್ಲಿ, "ಎಲ್ಲಾರೂ ಸ್ವಲ್ಪ ಈ ಕಡೆ ನೋಡಿ" ಎಂದಳು. ಚಮಚಗಳ ಸದ್ದು ನಿಂತಿತು. ಫೋಟೋದವನು ಕ್ಯಾಮೆರಾ ಎತ್ತಿದ.

ಊಟದ ಮೇಜಿನ ಮೇಲೆ ಬ್ರೆಡ್ಡಿನ ಪಕ್ಕ ಬೆಣ್ಣೆಯ ತಟ್ಟೆಯಿತ್ತು. ಅಕ್ಕ ಎರಡು ಬೆರಳಲ್ಲಿ ಒಂದು ಮುದ್ದೆ ಬೆಣ್ಣೆ ಎತ್ತಿ ತನ್ನ ಬಲಗಣ್ಣಿಗೆ, ಬಲಗೆನ್ನೆಗೆ ಮೆತ್ತಿಕೊಂಡಳು.

"ಅಕ್ಕಾ, ಬೇಡ!" ತಂಗಿಯ ಕೂಗು ಅಡಿಗೆಮನೆಯವರೆಗೆ ಹೋಯಿತು.

ತಡವಾಗಿತ್ತು. ಅಕ್ಕ ಮೇಜಿನ ಕರವಸ್ತ್ರದಿಂದ ತಿಕ್ಕಿ ಒರೆಸಿ, ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಡಗಡೆ ನಿದ್ದೆ ಮಾಡಿ ಎದ್ದ ಮದುಮಗಳು. ಬಲಗಡೆ ಇಟ್ಟಿಗೆಗೆನ್ನೆಯ ನಡುವೆ ಬೆಳ್ಳನೆಯ ವೃತ್ತ, ಬೆಣ್ಣೆ ಮಿಂಚುವ ಒಂಟಿ ಗೂಬೆ.

"ಇದು ದೇವರು ಕೊಟ್ಟಿದ್ದು" ಎಂದು ಬಲಗೆನ್ನೆ ಮುಟ್ಟಿ ತೋರಿಸಿದಳು. "ಇದು ನನ್ನ ತಂಗಿ ಕೊಟ್ಟಿದ್ದು. ಬೆಳಿಗ್ಗೆಯಿಂದ ಕಿಟಕಿ ಹತ್ರ ನಿಂತು, ತಿಂಡಿನೂ ತಿನ್ನದೆ ಮಾಡಿದ್ದು. ಯಾರಿಗೂ ಕಾಣಬಾರದು, ಬಾಯಿ ಬಿಡಬಾರದು ಅಂದಿದ್ದು ನಾನು. ಅದಕ್ಕೆ ಸುಮ್ಮನಿದ್ದಾಳೆ. ಇಲ್ಲದಿದ್ರೆ ಅವಳು ಸುಮ್ಮನಿರೋಳಾ?"

ಚಿಕ್ಕಮ್ಮ ಹತ್ತಿರ ಬಂದು ಎಡಗೆನ್ನೆ ನೋಡಿದಳು, ಬಲಗೆನ್ನೆ ನೋಡಿದಳು, ಮತ್ತೆ ಎಡಗೆನ್ನೆಗೆ ಬಂದಳು. "ಅಯ್ಯೋ ನನ್ನ ಕಣ್ಣಿಗಿಷ್ಟು ಮಣ್ಣು ಹಾಕ!" ಎಂದಳು.

ಕನ್ನಡಕದವರು ಮಾತ್ರ ತಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹೆಂಡತಿಯ ಮುಖವನ್ನು ಶ್ರದ್ಧೆಯಿಂದ ಪರೀಕ್ಷಿಸಿದರು.

"ಏನ್ರೀ, ಗಾಬರಿ ಆಯ್ತಾ?" ಅಕ್ಕನ ದನಿ ಮೊದಲ ಸಲ ಸ್ವಲ್ಪ ನಡುಗಿತು.

"ಇಲ್ಲಪ್ಪ. ಬೆಳಿಗ್ಗೆಯಿಂದ ನನ್ನ ಗಾಜಿನ ನಂಬರೇ ಬದಲಾಗಿದೆಯೇನೋ ಅಂದ್ಕೊಂಡಿದ್ದೆ. ಈಗ ಸಮಾಧಾನ ಆಯ್ತು" ಎಂದರು. ಮೊದಲು ನಕ್ಕವಳು ತಂಗಿ. ಆಮೇಲೆ ಇಡೀ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕನ್ನಡಕದವರ ಅಕ್ಕನ ಮುಖ ಸಣ್ಣದಾಗಿತ್ತು. ಆದರೆ ಒಳ್ಳೆಯ ಹೆಂಗಸು. ತಂಗಿಯ ಹತ್ತಿರ ತಾವೇ ಬಂದು, "ತಪ್ಪಾಗಿ ಮಾತಾಡಿಬಿಟ್ಟೆ ಕಣಮ್ಮ. ಈ ನಾಲಿಗೆಗೂ ಏನಾದ್ರೂ ಹಚ್ಚೋಕೆ ಇದೆಯಾ?" ಎಂದರು.

"ಇಲ್ಲ ಅಮ್ಮ, ಅದಕ್ಕೆ ಯಾವ ಕಂಪನಿಯವರೂ ಮಾಡಿಲ್ಲ" ಎಂದಳು ತಂಗಿ, ಪೆಟ್ಟಿಗೆ ತೆರೆಯುತ್ತಾ. ಫೋಟೋ ಇನ್ನೂ ಬಾಕಿಯಿತ್ತು. ಅರ್ಧ ಮುಖವನ್ನು ಮತ್ತೆ ಕಟ್ಟಬೇಕಿತ್ತು, ಅದೂ ಬೆಣ್ಣೆಯ ಮೇಲೆ.

ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದರು. ನೆಂಟರೆಲ್ಲ ಊಟ ಬಿಟ್ಟು ಸುತ್ತ ನಿಂತರು. ತಂಗಿ ಬೆಣ್ಣೆ ಪೂರ್ತಿ ಹೋಗುವವರೆಗೆ ಒರೆಸಿ, ಮುಖ ತೊಳೆಸಿ, ಕ್ರೀಮಿನಿಂದ ಮತ್ತೆ ಶುರುಮಾಡಿದಳು. ಈ ಸಲ ಅವಳ ಬಾಯಿಗೆ ಬೀಗವಿರಲಿಲ್ಲ. ಪ್ರತಿ ಡಬ್ಬಿ ಎತ್ತಿದಾಗಲೂ ಇದು ಯಾಕೆ, ಇಷ್ಟೇ ಯಾಕೆ, ಇದಕ್ಕಿಂತ ಮೊದಲು ಅದು ಯಾಕೆ ಎಂದು ವಿವರಿಸಿದಳು. ಕನ್ನಡಕದವರ ಅಕ್ಕನ ಮಗಳು ಎಲ್ಲರಿಗಿಂತ ಮುಂದೆ ಬಗ್ಗಿ ನಿಂತಿದ್ದಳು. ತನ್ನ ಮದುವೆಗೆ ಇವಳೇ ಬರಬೇಕೆಂದು ಅಮ್ಮನಿಗೆ ಅಲ್ಲೇ ಹೇಳಿದಳು. ಚಿಕ್ಕಮ್ಮ ಪೌಡರಿನ ಡಬ್ಬಿ ಹಿಡಿದುಕೊಂಡು, ಕೇಳಿದವರಿಗೂ ಕೇಳದವರಿಗೂ, "ನನಗೆ ಬೆಳಿಗ್ಗೇನೇ ಅನುಮಾನ ಬಂದಿತ್ತು" ಎನ್ನುತ್ತಿದ್ದಳು.

"ಅಕ್ಕಾ," ಗೆರೆ ಸೇರಿಸುವಾಗ ತಂಗಿ ಮೆಲ್ಲಗೆ ಕೇಳಿದಳು, "ಎಲ್ಲರಿಗೂ ಗೊತ್ತಾಗಿಬಿಡ್ತಲ್ಲ. ಬೇಜಾರಿಲ್ವಾ?"

"ನಗೋರು ನಗಲಿ ಬಿಡು. ನಾನೂ ನಕ್ಕೆನಲ್ಲ" ಎಂದಳು ಅಕ್ಕ. ಆಮೇಲೆ ಯಾರಿಗೂ ಕೇಳದಂತೆ ಸೇರಿಸಿದಳು: "ಈಗ ಹೇಗಿದ್ರೂ ಗೊತ್ತಾಯ್ತಲ್ಲ. ಆ ತುಟಿಗೆ ಇನ್ನೂ ಸ್ವಲ್ಪ ಗಾಢವಾಗಿ ಹಚ್ಚು. ಜಿಪುಣತನ ಮಾಡಬೇಡ."

ತಂಗಿ ಕೆಂಪು ಬಣ್ಣದ ಕಡ್ಡಿಗೆ ಕೈ ಹಾಕಿದಳು.

ಎಲ್ಲ ಮುಗಿದು ಫೋಟೋ ತೆಗೆಯುವ ಹೊತ್ತಿಗೆ ಊಟ ಪೂರ್ತಿ ಆರಿಹೋಗಿತ್ತು. ಅಡಿಗೆಯವರು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ಮದುಮಗಳು ಬಣ್ಣ ಕೆಡದ ಹಾಗೆ ಬಾಯಿ ಸಣ್ಣಗೆ ತೆರೆದು, ಚಮಚದ ತುದಿಯಿಂದ ಗುಬ್ಬಿಯ ಹಾಗೆ ಊಟ ಮಾಡುತ್ತಿದ್ದಳು. ಹಸಿವಿನಿಂದ ಕಂಗೆಟ್ಟಿದ್ದ ತಂಗಿ ಪಕ್ಕದಲ್ಲೇ ಕೂತು ಗಬಗಬ ತಿನ್ನುತ್ತಾ, ನಡುನಡುವೆ ತಲೆಯೆತ್ತಿ ಅಕ್ಕನ ತುಟಿ ಸರಿಯಿದೆಯೇ ಎಂದು ನೋಡುತ್ತಿದ್ದಳು.