ರವದಿ ಸುಡದ ಹೊಲ

ಯುಗಾದಿ ಪಾಡ್ಯ ಬಂತೆಂದರೆ ನಾಗನೂರಿನಲ್ಲಿ ಹೊಲಗಳು ಕೈ ಬದಲಾಯಿಸುತ್ತವೆ. ಲಾವಣಿಯ, ಅಂದರೆ ಗೇಣಿಯ, ಮಾತು ಒಂದೇ ವರ್ಷದ್ದು. ಮುಂದಿನ ಪಾಡ್ಯಕ್ಕೆ ಮಾಲಕ ಮಾಡು ಅಂದರೆ ಮಾಡಬೇಕು, ಬಿಡು ಅಂದರೆ ಬಿಡಬೇಕು. ಹೀಗಾಗಿ ಆ ಸಲ ಪಾಡ್ಯ ಹತ್ತಿರವಾದಂತೆ ಕಾಡವ್ವನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತ್ತು.

ಅವಳ ಮಗಳು ಆಮ್ರಪಾಲಿ ಹಿಡಿದದ್ದು ಆದಿನಾಥ ಸಾವಕಾರರ ಕಾಲುವೆ ದಂಡೆಯ ಹೊಲ. ನೀರು ಕುಡಿದೂ ಕುಡಿದೂ ಸವಳೇರಿ, ಬೇಸಿಗೆಯಲ್ಲಿ ಬಿಳಿ ಉಪ್ಪು ಹೊದ್ದು ಮಲಗುತ್ತಿದ್ದ ನೆಲ. ಕೇಳುವವರಿಲ್ಲದ್ದಕ್ಕೇ ಅದು ಇವರ ಪಾಲಿಗೆ ಬಂದಿತ್ತು. ಕಾಡವ್ವ ಹರೆಯದಿಂದ ಮುಪ್ಪಿನವರೆಗೆ ಕಂಡವರ ಕಬ್ಬು ಕಡಿದವಳು. ಮಗಳು ಕುಡಗೋಲು ಹಿಡಿದು ಗ್ಯಾಂಗಿನ ಹಿಂದೆ ಊರೂರು ಅಲೆಯಬಾರದು, ಒಂದು ಹೊಲದಲ್ಲಿ ನೆಲೆ ನಿಲ್ಲಬೇಕು. ಅವಳಿಗಿದ್ದ ಆಸೆ ಇದೊಂದೇ.

ಮಗಳ ರೀತಿಯೇ ಬೇರೆ. ಮಹಿಳಾ ಸಂಘದವರ ಜೊತೆ ಹತ್ತರಗಿ ಕಡೆಯ ಯಾರದೋ ಹೊಲ ನೋಡಿ ಬಂದವಳು, ಮೊದಲು ಸೆಣಬು ಬಿತ್ತಿ, ಹೂವು ಬರುತ್ತಲೇ ಗೊಬ್ಬರವಾಗಲೆಂದು ಮಣ್ಣಿಗೆ ಸೇರಿಸಿದಳು. ಆಮೇಲೆ ಕಬ್ಬು ಹಚ್ಚಿದಳು. ಕಬ್ಬು ಇನ್ನೂ ಹೊಲದಲ್ಲಿ ನಿಂತಿದ್ದರಿಂದ ಹಿಂದಿನ ಪಾಡ್ಯಕ್ಕೆ ಯಾರೂ ಬಿಡು ಅಂದಿರಲಿಲ್ಲ. ಈಗ ಕಬ್ಬು ಕಡಿದು ಕಾರ್ಖಾನೆಗೆ ಹೋಗಿದೆ. ಕಡಿದ ಮೇಲೆ ಉಳಿಯುವ ಒಣ ಗರಿ, ಅದೇ ರವದಿ, ಅದಕ್ಕೆ ಬೆಂಕಿ ಇಡುವುದು ಊರ ಪದ್ಧತಿ. ಆಮ್ರಪಾಲಿ ಕಡ್ಡಿ ಗೀರಲಿಲ್ಲ. ಸಾಲಿನ ನಡುವೆಲ್ಲ ಅದನ್ನೇ ಹಾಸಿಬಿಟ್ಟಳು.

ಬಾಜೂ ಹೊಲದ ಸತ್ತೆಪ್ಪ ಬದುವಿನ ಮೇಲೆ ನಿಂತು ನಕ್ಕಿದ್ದ. "ಏನ ಕಾಡವ್ವಾ, ನಿನ್ನ ಮಗಳು ಹೊಲಕ್ಕ ಹಾಸಗಿ ಹಾಸ್ಯಾಳಲ್ಲ! ಬೆಳಿ ಏಳತೈತೋ, ಹೊಚ್ಕೊಂಡ ಮಕ್ಕೋತೈತೋ?"

ನಕ್ಕವನೇ ಸಾವಕಾರರಲ್ಲಿಗೆ ಹೋಗಿ ಆ ಹೊಲ ತನಗಿರಲಿ ಎಂದು ಕೇಳಿದ್ದ. ಸಾವಕಾರರು ಅವನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಪಾಡ್ಯಾಕ ಮೊದಲ ಒಮ್ಮಿ ಹೊಲಾ ನೋಡೂಣು" ಅಂದಿದ್ದರು.

ಅವರು ಬರುವ ದಿನ ಕಾಡವ್ವನಿಗೆ ಎಲ್ಲರಿಗಿಂತ ಮೊದಲೇ ಎಚ್ಚರಾಯಿತು. ಗಲೀಜು ಹೊಲ ನೋಡಿ ಯಾವ ಮಾಲಕ ಮೆಚ್ಚುತ್ತಾನೆ? ಬೀಗರು ಬರುವ ಮುಂಚೆ ಅಂಗಳ ಗುಡಿಸುವುದಿಲ್ಲವೇ? ಅವಳು ಕಡ್ಡಿಪೆಟ್ಟಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಕ್ಕೆ ನಡೆದಳು. ಮೂಲೆಯಲ್ಲಿ ಕಡ್ಡಿ ಗೀರಿದಳು. ರವದಿ ಚಟಚಟನೆ ಹೊತ್ತಿತು.

ಹೊಗೆ ಕಂಡು ಮಗಳು ಓಡಿ ಬಂದಳು. "ಯವ್ವಾ! ಏನ ಮಾಡಾಕತ್ತಿ ಬೇ?"

"ಸಾವ್ಕಾರ್ರ ಬರ್ತಾರಲ್ಲವ್ವಾ, ಒಂದೀಟ ಸ್ವಚ್ಛ..."

"ಸ್ವಚ್ಛಲ್ಲ ಬೇ, ನನ್ನ ಗೊಬ್ಬರಾ ಸುಡಾಕತ್ತಿ! ಕುಳಿ ಚಿಗತೈತಿ, ಅದೂ ಬೇಯತೈತಿ ನೋಡ!"

ಕಾಡವ್ವ ಆಗ ಬಗ್ಗಿ ನೋಡಿದಳು. ಗರಿಗಳ ಸಂದಿಯಲ್ಲಿ, ಕಡಿದ ಕಬ್ಬಿನ ಬುಡದಿಂದ, ಹಸಿರು ಮೊಳಕೆಗಳು ಇಣುಕುತ್ತಿದ್ದವು. ಇಬ್ಬರೂ ಗೋಣಿಚೀಲಗಳನ್ನು ಕಾಲುವೆಯಲ್ಲಿ ಅದ್ದಿ ತಂದು ಬಡಿದರು. ಗಾಳಿ ಇರಲಿಲ್ಲ, ಬೆಂಕಿ ಸತ್ತಿತು. ಮೂಲೆಯೊಂದು ಮಾತ್ರ ಕರ್ರಗಾಗಿ ಹೊಗೆಯಾಡುತ್ತಿತ್ತು. ಅದೇ ಹೊತ್ತಿಗೆ ಆದಿನಾಥ ಸಾವಕಾರರು ಕೋಲೂರಿಕೊಂಡು ಬಂದರು. ಹಿಂದೆ ಸತ್ತೆಪ್ಪ.

"ಬೆಂಕಿ ಯಾರ ಹಚ್ಚಿದ್ರು?"

"ನಾನ್ರಿ ಅಪ್ಪಾರ," ಅಂದಳು ಕಾಡವ್ವ. ಮುಖವೆಲ್ಲ ಮಸಿ. "ನನ್ನ ಮಗಳದ ಏನೂ ತಪ್ಪಿಲ್ರಿ. ಹೊಲಾ ಬಿಡಸೂದಾದ್ರ ಈ ಕಾರಣಕ್ಕ ಬಿಡಸಬ್ಯಾಡ್ರಿ, ಅಷ್ಟ ನನ್ನ ಮಾತು."

ಸಾವಕಾರರು ಬೆಂಕಿ ನಿಂತ ಅಂಚಿನಲ್ಲಿ ಕುಳಿತು ಕೋಲಿನಿಂದ ರವದಿ ಎತ್ತಿದರು. ಅಡಿಯಲ್ಲಿ ಮಣ್ಣು ಕಪ್ಪಗೆ, ಹಸಿಯಾಗಿತ್ತು. ಇರುವೆಗಳು ತತ್ತಿ ಹೊತ್ತು ದಿಕ್ಕೆಟ್ಟು ಓಡುತ್ತಿದ್ದವು. ಎರೆಹುಳುಗಳು ಒದ್ದಾಡುತ್ತ ಕೆಳಗಿಳಿಯುತ್ತಿದ್ದವು. ಕರಿ ಬೂದಿಯ ಕಡೆ ಕೆಲವು ಸುರುಟಿ ಬಿದ್ದಿದ್ದವು.

ಸೂರ್ಯ ಮುಳುಗುವುದರೊಳಗೆ ಉಣ್ಣುವ ಜೈನರು ಸಾವಕಾರರು. ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆ ಜಾಲಿಸಿದ ನೀರನ್ನು ಮತ್ತೆ ಬಾವಿಗೇ ಬಿಡಿಸುವ ಮನೆತನ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು. ಆದರೆ ರವದಿ ಸುಡುವುದು ಆಳುಗಳ ಕೆಲಸವಾದ್ದರಿಂದ, ಅವರಿಗೆ ಇಷ್ಟು ವರ್ಷ ಮಾಳಿಗೆಯಿಂದ ಹೊಗೆಯಷ್ಟೇ ಕಂಡಿತ್ತು.

"ಕಬ್ಬಲ್ರಿ ಸಾವ್ಕಾರ್ರ, ಹುಳಾ ಸಾಕ್ಯಾಳ್ರಿ ಈಕಿ," ಅಂದ ಸತ್ತೆಪ್ಪ.

ಸಾವಕಾರರು ತಲೆ ಎತ್ತಿದರು. "ಈ ಸವಳಿನ್ಯಾಗ ನೀ ಯಾವಾಗರೆ ಹುಳಾ ನೋಡಿದ್ದಿ ಏನೋ ಸತ್ತೆಪ್ಪಾ? ನಾ ಅಂತೂ ನೋಡಿಲ್ಲ."

ಸತ್ತೆಪ್ಪ ಟೊಪ್ಪಿಗೆ ಸರಿಮಾಡಿಕೊಂಡ.

ಆಮ್ರಪಾಲಿ ಅದೇ ಸಂದಿನಲ್ಲಿ ಬಾಯಿ ಹಾಕಿದಳು. "ಕಾಕಾ, ಒಂದೊಂದ ವರ್ಷದ ಲಾವಣಿ ಆದ್ರ ಇದು ನಡ್ಯೂದಿಲ್ರಿ. ಪಾಡ್ಯಾಕ ಬಿಡೂ ಹೊಲಕ್ಕ ಯಾರ ಗೊಬ್ಬರ ಹಾಕ್ತಾರ? ಇದ್ದಷ್ಟ ಹಿಂಡಕೊಂಡ ಹೋಗ್ತಾರ. ಐದ ವರ್ಷ ಕೊಡ್ರಿ."

ಕಾಡವ್ವ ಮಗಳ ಸೆರಗು ಜಗ್ಗಿದಳು. ಹುಡುಗಿ ಆಸೆ ಮಾಡಿ ಇದ್ದದ್ದನ್ನೂ ಕಳೆಯುತ್ತಾಳೆ ಎಂಬ ಹೆದರಿಕೆ ಅವಳಿಗೆ.

"ಐದ ಯಾಕ? ಹತ್ತ ವರ್ಷ ಮಾಡು," ಅಂದರು ಸಾವಕಾರರು. "ಪಾಡ್ಯಾಕ ಕೇಳಾಕ ಬರೂದ ಬ್ಯಾಡ. ಇನ್ನ ಮ್ಯಾಲೆ ಬೆಂಕಿ ಮಾತ್ರ ಹಚ್ಚಬಾರ್ದು. ಮತ್ತೊಂದ, ನನ್ನ ಮೊಮ್ಮಗ ಶ್ರೇಣಿಕ ಸಾಲಿ ಮುಗಿಸಿ ಮನ್ಯಾಗ ಕುಂತಾನ. ನಿನ್ನ ಕೈಯಾಗ ಅವನೂ ಕಲೀಲಿ. ಮನೀ ಹೊಲಾನೂ ಹಿಂಗ ಆಗಲಿ."

"ಬರ್ಲಿ ಬಿಡ್ರಿ ಕಾಕಾ. ಛತ್ರಿ ಹಿಡ್ಕೊಂಡ ಬರಬಾರ್ದ ಅಷ್ಟ."

ಸಾವಕಾರರು ನಕ್ಕರು. ಸತ್ತೆಪ್ಪನಿಗೂ ನಗೆ ತಡೆಯಲಾಗಲಿಲ್ಲ. ಹೋಗುವಾಗ "ಒಂದೀಟ ಸೆಣಬಿನ ಬೀಜ ಇದ್ರ ನನಗೂ ಇಡ ಬೇ ತಂಗಿ" ಎಂದು ಮೆಲ್ಲಗೆ ಹೇಳಿಹೋದ.

ಕಾಡವ್ವ ಕಾಲುವೆಗೆ ಇಳಿದು ಮುಖ ತೊಳೆದಳು. ಮಸಿ ಹೋಯಿತು. ಅಳು ಬಂತು, ಅದನ್ನೂ ತೊಳೆದಳು. ನೀರು ತಣ್ಣಗಿತ್ತು, ಎದ್ದು ಬರುವ ಮನಸ್ಸಾಗಲಿಲ್ಲ.

ಮೇಲಿಂದ ಮಗಳು ಕೂಗಿದಳು. "ಮಕಾ ತೊಳ್ಯಾಕ ಎಷ್ಟೊತ್ತ ಬೇ? ನೀ ಸುಟ್ಟ ಮೂಲಿಗೆ ರವದಿ ಹೊಚ್ಚೂದೈತಿ, ಬಾ ಲಗೂ!"

"ಬಂದ್ನೆವ್ವಾ," ಅಂದಳು ಕಾಡವ್ವ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.