ಕಿವಿಯೊಳಗಿನ ಮೂಳೆ

ನೊಣವಿನಕೆರೆಯಲ್ಲಿ ಬಸ್ಸಿಳಿದು ತೋಟದ ದಾರಿ ಹಿಡಿದಾಗ ನನ್ನ ಬ್ಯಾಗಿನಲ್ಲಿ ಇದ್ದದ್ದು ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ತಿನ್ನದೆ ಉಳಿದ ಚಿತ್ರಾನ್ನದ ಡಬ್ಬಿ. ತೋಟದಲ್ಲಿ ನೆರೆದಿದ್ದವರೆಲ್ಲ ಆ ಬ್ಯಾಗನ್ನೇ ನೋಡಿದರು. ಅದರೊಳಗೆ ಸಿದ್ದಾರ್ಥನ ಮೂಳೆ ಬರುತ್ತದೆಂದು ದೊಡ್ಡಮ್ಮ ಎಲ್ಲರಿಗೂ ಹೇಳಿಟ್ಟಿದ್ದಳು.

ತೆಂಗಿನ ಸಾಲುಗಳ ನಡುವೆ ಗುಂಡಿ ತೆಗೆದು ಮುಗಿದಿತ್ತು. ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಈ ಗುಂಡಿ ಚಿಕ್ಕದು, ಒಂಬತ್ತು ವರ್ಷದ ಹುಡುಗನ ಅಳತೆಯದು. ಪಕ್ಕದ ಬಾಳೆಲೆಯಲ್ಲಿ ವಿಭೂತಿ ಗಟ್ಟಿ, ಬಿಲ್ವಪತ್ರೆ. ಮಠದ ಕಡೆಯ ಅಯ್ಯನವರು ಮರದ ಬುಡದಲ್ಲಿ ಕೂತು ಕಾಯುತ್ತಿದ್ದರು.

ಸಿದ್ದಾರ್ಥ ದೊಡ್ಡಮ್ಮನ ಒಬ್ಬನೇ ಮಗ, ನನ್ನ ಓರಗೆಯವನು. ಒಂದು ಸೋಮವಾರ ಸ್ಕೂಲಿಗೆಂದು ಹೊರಟವನು ಸ್ಕೂಲನ್ನೂ ಸೇರಲಿಲ್ಲ, ಮನೆಗೂ ಬರಲಿಲ್ಲ. ಹದಿನಾಲ್ಕು ವರ್ಷದಿಂದ ದೊಡ್ಡಪ್ಪ ಅವನ ಫೋಟೋ ಹಿಡಿದು ಕಂಡ ಕಂಡ ಆಶ್ರಮಗಳಿಗೆ ಅಲೆದಿದ್ದಾರೆ. ದೊಡ್ಡಮ್ಮ ಮಾತ್ರ ಎಲ್ಲಿಗೂ ಹೋಗಿಲ್ಲ. ಅವನು ಬಂದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಇರಬಾರದೆಂದು ತವರಿನ ಸಾವಿಗೂ ಹೋಗಲಿಲ್ಲ.

ನಮ್ಮ ತೋಟದ ಅಂಚಿನಲ್ಲಿದ್ದ ಚಪ್ಪಡಿ ಕಲ್ಲುಗಳನ್ನು ಅಜ್ಜಿ ಗಿಡ್ಡರ ಮನೆ ಅನ್ನುತ್ತಿದ್ದಳು. ಬೆಂಕಿಮಳೆ ಬರುತ್ತದೆಂದು ತಿಳಿದು ಮೊಳದುದ್ದದ ಜನ ಕಲ್ಲಿನ ಮನೆ ಕಟ್ಟಿಕೊಂಡು, ಒಳಗೆ ಸೇರಿ ಬಾಗಿಲು ಎಳೆದುಕೊಂಡರಂತೆ. ಮಳೆ ನಿಂತದ್ದನ್ನು ಹೇಳುವವರಿಲ್ಲದೆ ಇನ್ನೂ ಒಳಗೇ ಕೂತಿದ್ದಾರಂತೆ. ನಾನೂ ಸಿದ್ದಾರ್ಥನೂ ಕಲ್ಲಿಗೆ ಬಾಯಿ ಹಚ್ಚಿ, ಮಳೆ ನಿಂತದೆ ಬನ್ರೋ ಎಂದು ಕೂಗುತ್ತಿದ್ದೆವು. ಆ ಕಥೆಯೇ ನನ್ನನ್ನು ಈ ಕೆಲಸಕ್ಕೆ ಎಳೆದು ತಂದಿತೇನೋ. ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದು, ಈ ಸೀಮೆಯಲ್ಲಿ ಮೊದಲು ಬದುಕಿದವರು ಯಾರು, ಎಲ್ಲಿಂದ ಬಂದರು, ಯಾರೊಡನೆ ಬೆರೆತರು ಎಂದು ಹುಡುಕುವ ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ನಮ್ಮ ಸೆಕೆಯ ನೆಲದಲ್ಲಿ ಡಿಎನ್‌ಎ ಬೇಗ ಅಳಿದುಹೋಗುತ್ತದೆ. ಉಳಿದರೆ ಕಿವಿಯೊಳಗಿನ, ಕಲ್ಲಿನಂಥ ಒಂದು ಮೂಳೆಯಲ್ಲಿ ಉಳಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಸಸಿ ನೆಡಲು ಗುಂಡಿ ತೋಡುತ್ತಿದ್ದ ಜೆಸಿಬಿ ಆ ಚಪ್ಪಡಿಗಳಲ್ಲಿ ಒಂದನ್ನು ಎತ್ತಿತು. ಕೆಳಗೆ ಕಲ್ಲಿನ ಪೆಟ್ಟಿಗೆ, ಅರ್ಧ ಕೆಂಪು ಅರ್ಧ ಕಪ್ಪಿನ ಮಡಕೆಗಳು, ಒಂದು ಚಿಕ್ಕ ತಲೆಬುರುಡೆ. ಪೊಲೀಸರು ಬಂದರು, ಅವರ ಹಿಂದೆ ಉತ್ಖನನದವರು ಬಂದರು. ಎರಡು ಸಾವಿರ ವರ್ಷಕ್ಕೂ ಹಳೆಯ ಸಮಾಧಿ ಅಂದರು. ಹಲ್ಲು ನೋಡಿ ಒಂಬತ್ತು ಹತ್ತು ವರ್ಷದ ಮಗು ಅಂದರು. ದೊಡ್ಡಮ್ಮ ಎರಡನೆಯ ಮಾತನ್ನಷ್ಟೇ ಕೇಳಿಸಿಕೊಂಡಳು. ಆ ಕಲ್ಲಿನ ಸಂದಿಯಲ್ಲಿ ತೂರಿ ಆಡುತ್ತಿದ್ದವನು ಅವನೇ ತಾನೇ, ಮಡಕೆ ಹಳೇದಾದರೆ ಮಗು ಹಳೇದಾಗಬೇಕೇ ಎಂದು ಅವರೊಡನೆ ವಾದಕ್ಕೆ ನಿಂತಳು.

ಬುರುಡೆಯ ಪರೀಕ್ಷೆ ನಮ್ಮ ಪ್ರಯೋಗಾಲಯದ ಪಾಲಿಗೇ ಬಂತು. ಮೂಳೆ ಮುಟ್ಟಿದವರೆಲ್ಲರ ಎಂಜಲು ತೆಗೆದಿಡುವುದು ನಮ್ಮ ಕ್ರಮ. ಅವರದೇನಾದರೂ ಮೂಳೆಗೆ ಅಂಟಿದ್ದರೆ ಗುರುತು ಹಿಡಿಯಬೇಕಲ್ಲ. ತಾನೂ ಮುಟ್ಟಿದ್ದೇನೆಂದು ದೊಡ್ಡಮ್ಮ ಮುಂದೆ ಬಂದಳು. ಕೊಳವೆಯ ತುಂಬ ಉಗಿದು ಕೊಟ್ಟು, ಸಾಲದಿದ್ದರೆ ರಕ್ತವನ್ನೂ ತಗೋ ಅಂದಳು. ತಾಯಿ ಮಗನನ್ನು ತಾಳೆ ನೋಡುವ ಪರೀಕ್ಷೆ ಇದಲ್ಲವೆಂದು ನಾನು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ಮಾರನೆಯ ದಿನದಿಂದ, ಏನಂತಮ್ಮ ಎಂದು ಫೋನು ಮಾಡತೊಡಗಿದಳು.

ಫಲಿತಾಂಶ ಬಂದ ದಿನ ನಮ್ಮ ಮೇಡಂ ನನ್ನನ್ನು ಕಂಪ್ಯೂಟರಿನ ಮುಂದೆ ಕರೆದು ತೋರಿಸಿದರು. ಹಳೆಯ ಡಿಎನ್‌ಎ ಚೂರುಚೂರಾಗಿ, ತುದಿ ಸವೆದು ಇರುತ್ತದೆ. ಇದರಲ್ಲಿ ಸವೆದದ್ದೇನೂ ಇರಲಿಲ್ಲ. ಸಿಕ್ಕಿದ್ದೆಲ್ಲ ಹೊಚ್ಚ ಹೊಸದು, ಮೀನಾಕ್ಷಮ್ಮ ಎಂದು ಹೆಸರು ಬರೆದ ದೊಡ್ಡಮ್ಮನ ಕೊಳವೆಯದಕ್ಕೆ ಸರಿಯಾಗಿ ಹೊಂದುತ್ತಿತ್ತು. ಮುಟ್ಟಿದವರದು ಸೇರಿ ಮಾದರಿ ಕೆಟ್ಟಿದೆ ಅಂದರು. ಉತ್ಖನನದವರ ಜೊತೆ ಕೆಲಸಕ್ಕಿದ್ದ ಸೂರ್ಯಪ್ರಕಾಶನಿಗೆ ಈ ಸುದ್ದಿ ಅರ್ಧವಷ್ಟೇ ತಲುಪಿತು. ಅವನು ದೊಡ್ಡಪ್ಪನಿಗೆ ಫೋನು ಮಾಡಿ, ನಿಮ್ಮ ಮನೆಯವರದಕ್ಕೆ ಮ್ಯಾಚ್ ಆಗಿದೆಯಂತೆ ಎಂದುಬಿಟ್ಟ. ನಾನು ಬಸ್ಸು ಹತ್ತುವ ಹೊತ್ತಿಗೆ ಇಲ್ಲಿ ಗುದ್ದಲಿ ಬಿದ್ದಿತ್ತು.

ದೊಡ್ಡಮ್ಮನನ್ನು ತೋಟದ ಮನೆಯೊಳಗೆ ಕರೆದುಕೊಂಡು ಹೋದೆ. ಅವಳ ಮುಖ ನಾನೆಂದೂ ಕಂಡಿರದಷ್ಟು ಹಗುರವಾಗಿತ್ತು. ಅಟ್ಟದ ಮೇಲೆ ಒಣಗುತ್ತಿದ್ದ ಕೊಬ್ಬರಿಯ ಕಮಟು ವಾಸನೆ ನಡುಮನೆಯಲ್ಲೆಲ್ಲ ತುಂಬಿತ್ತು. ಅವಳು ಬ್ಯಾಗಿಗೆ ಕೈಯೊಡ್ಡಿದಳು. ನಾನು ಅದನ್ನು ಹಿಂದಕ್ಕೆ ಸರಿಸಿಕೊಂಡೆ.

"ಮುಟ್ಟಿದ್ದೆ ಅಂದ್ಯಲ್ಲ ದೊಡ್ಡಮ್ಮ. ಹೆಂಗೆ ಮುಟ್ಟಿದ್ದೆ?"

ಅವಳು ಏನನ್ನೂ ಮುಚ್ಚಿಡಲಿಲ್ಲ. ಗಂಡಸರು ಪೊಲೀಸರಿಗೆ ಫೋನು ಮಾಡುವ ಗಡಿಬಿಡಿಯಲ್ಲಿದ್ದಾಗ ಬುರುಡೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ತಂದಿದ್ದಳು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಇಟ್ಟುಕೊಂಡು, ಹರಳೆಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಬೆರೆಸಿ, ಸೀಗೆಪುಡಿಯಲ್ಲಿ ತಿಕ್ಕಿ ಎರೆದಿದ್ದಳು. ಹಳೆಯ ಸೀರೆಯಲ್ಲಿ ಒರೆಸಿ, ಯಾರೂ ನೋಡುವ ಮೊದಲೇ ಮತ್ತೆ ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟು ಬಂದಿದ್ದಳು.

"ಕಿವೀಲಿ ನೀರು ನಿಂತ್ಕಂತು. ನಿಂತ್ರೆ ಸೋರ್ತದಲ್ಲ, ಅದಕ್ಕೇ ಊದ್ದೆ. ಎರಡು ಕಿವಿಗೂ ಊದ್ದೆ ಕಣೇ, ಚೆನ್ನಾಗಿ."

ನಮ್ಮ ಕಡೆ ಮಗುವಿಗೆ ನೀರು ಹಾಕಿದವರು ಕಿವಿಗೆ ಊದದೆ ಏಳುವುದಿಲ್ಲ. ನನ್ನ ಕಿವಿಗೂ ಹೀಗೆ ಊದಿದವಳು ಇವಳೇ. ನಾನು ಗೋಡೆಗೆ ಒರಗಿದೆ.

"ದೊಡ್ಡಮ್ಮ, ಅದ್ರಲ್ಲಿ ಸಿಕ್ಕಿದ್ದು ನಿನ್ನ ಉಸಿರು. ಸಿದ್ದಾರ್ಥಂದೇ ಆಗಿದ್ರೆ ಅರ್ಧ ನಿಂದು, ಅರ್ಧ ದೊಡ್ಡಪ್ಪಂದು ಇರ್ಬೇಕಿತ್ತು. ದೊಡ್ಡಪ್ಪಂದು ಒಂಚೂರೂ ಇಲ್ಲ. ಪೂರ್ತಿ ನೀನೇ."

"ಅವ್ನು ನನ್ನಂಗೇ ಇದ್ದ," ಅಂದಳು ದೊಡ್ಡಮ್ಮ. "ಅಪ್ಪನ ಕಡೇದು ಒಂದು ಕೂದ್ಲೂ ಬಂದಿಲ್ಲ ಅಂತ ಎಲ್ರೂ ಆಡ್ಕೋತಿರ್ಲಿಲ್ವಾ?"

ಹೇಗೆ ಹೇಳಿದರೂ ಅವಳು ಅಲ್ಲಿಗೇ ಬರುತ್ತಿದ್ದಳು. ಇನ್ನೊಂದು ಸಲ ನೋಡು ಅಂದಳು. ಆ ಮೂಳೆಯನ್ನು ಪುಡಿ ಮಾಡಿಯೇ ನೋಡುವುದು, ಈಗ ಅದು ಇಲ್ಲ ಅಂದೆ. ಇನ್ನೊಂದು ಕಿವಿ ಇದೆಯಲ್ಲ ಅಂದಳು. ಅದಕ್ಕೂ ಊದಿದ್ದೀಯಲ್ಲ ಅಂದೆ. ಆಗ ಅವಳಿಗೆ ತಟ್ಟಿತು. ತುಟಿಯನ್ನು ಸೆರಗಿನಿಂದ ಒತ್ತಿ ಒತ್ತಿ ಒರೆಸಿಕೊಂಡಳು, ಅಲ್ಲಿ ಏನೋ ಮೆತ್ತಿಕೊಂಡಿರುವಂತೆ. ಆಮೇಲೆ ನನ್ನ ಮಣಿಕಟ್ಟು ಹಿಡಿದಳು.

"ಹೌದು ಅಂದ್ಬುಡು ಮಗಾ. ನೀನು ಓದಿರೋಳು, ನಿನ್ನ ಮಾತು ನಂಬ್ತಾರೆ. ನಾನು ಬಾಗ್ಲು ಹಾಕಿ ಮಲಗಿ ಎಷ್ಟು ವರ್ಷ ಆಯ್ತು ಹೇಳು. ಒಂದು ರಾತ್ರಿ ಬಾಗ್ಲು ಹಾಕಿ ಮಲಗ್ತೀನಿ ಕಣೇ."

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅದನ್ನೇ ಒಪ್ಪಿಗೆಯೆಂದುಕೊಂಡು ಅವಳು ಹೊರಗೆ ಹೋದಳು. ಮೂಳೆ ಪರೀಕ್ಷೆಯಲ್ಲಿ ಪುಡಿಯಾಗಿದೆಯಂತೆ, ಅವನ ಅಂಗಿಯನ್ನೇ ಮಣ್ಣು ಮಾಡೋಣ, ಶುರು ಮಾಡಿ ಎಂದು ಅಯ್ಯನವರಿಗೆ ಹೇಳುವುದು ಕೇಳಿಸಿತು.

ನಾನು ಹಿಂದೆಯೇ ಓಡಿದೆ. ಜಗುಲಿಯ ಕೆಳಗೆ ದೊಡ್ಡಪ್ಪ ಅಡ್ಡ ನಿಂತರು. ಎಂದೂ ಯಾರ ಮುಂದೆಯೂ ತಗ್ಗದ ಮನುಷ್ಯ ಅವರು. ಈಗ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ನಿಂತಿದ್ದರು. ಹುಬ್ಬಳ್ಳಿಯ ಕಡೆ ಒಂದು ಆಶ್ರಮದಲ್ಲಿ ಊರು ಹೆಸರು ಹೇಳಲಾರದ ಹುಡುಗನೊಬ್ಬ ಇದ್ದಾನಂತೆ, ಸಿದ್ದಾರ್ಥನಿಗಿದ್ದಂತೆ ಎಡ ಹುಬ್ಬಿನ ಮೇಲೆ ಕಲೆ ಇದೆಯಂತೆ, ಬರುವ ವಾರ ಹೋಗಬೇಕೆಂದಿದ್ದೆ, ನಿಮ್ಮ ದೊಡ್ಡಮ್ಮನಿಗೆ ಹೇಳಿಲ್ಲ ಅಂದರು.

"ನಿಜ ಹೇಳವ್ವ. ಇನ್ನು ಹುಡುಕೋದು ಬುಟ್ಬುಡ್ಲಾ?"

ಗುಂಡಿಯ ಅಂಚಿನಲ್ಲಿ ದೊಡ್ಡಮ್ಮ ಮಗನ ಚಿಕ್ಕ ಅಂಗಿಯನ್ನು ಮಡಿಸುತ್ತಿದ್ದಳು. ಕಾಲರನ್ನು ಒಂದು ಸಲ ನೆಟ್ಟಗೆ ಮಾಡಿದಳು. ಅವಳು ನನ್ನನ್ನು ನೋಡಿದಳು, ಅವಳ ತಲೆ ಬೇಡವೆಂಬಂತೆ ಸಣ್ಣಗೆ ಆಡಿತು.

"ಹುಡುಕಿ ದೊಡ್ಡಪ್ಪ," ಅಂದೆ. "ಅದು ಅವನಲ್ಲ."

ನಾನು ಪಿಸುಮಾತಿನಲ್ಲೇ ಹೇಳಿದ್ದೆ. ಆದರೆ ತೋಟದಲ್ಲಿ ಗರಿಯೊಂದೂ ಅಲುಗುತ್ತಿರಲಿಲ್ಲ, ಎಲ್ಲರಿಗೂ ಕೇಳಿಸಿತು. ಅಯ್ಯನವರು ಬಿಲ್ವಪತ್ರೆಯ ಮೇಲೆ ಬಾಳೆಲೆಯ ತುದಿ ಮಡಿಸಿದರು. ಪಕ್ಕದ ತೋಟದ ಹುಚ್ಚಕ್ಕ, ತೆಗೆದ ಗುಂಡಿಯನ್ನು ಬರಿದೇ ಬಿಡಬಾರದು ಎಂದು ಗೊಣಗಿದಳು.

ದೊಡ್ಡಮ್ಮ ಸೀರೆ ಎತ್ತಿ ಹಿಡಿದು ಗುಂಡಿಗೆ ಇಳಿದಳು. ಅಂಗಿ ಅವಳ ಮಡಿಲಲ್ಲಿತ್ತು. ಮಗುವಿನ ಅಳತೆಯ ಗುಂಡಿ, ಮೊಣಕಾಲು ಮಡಚಿ ಕೂತರೂ ತಲೆ ಭುಜ ಮೇಲೇ ಉಳಿದವು.

"ಬರಿದೇ ಯಾಕೆ ಬುಡ್ತೀರಾ? ಆ ಮೂಳೇಲಿ ಇರೋದು ಪೂರ್ತಿ ನಾನೇ ಅಂತೆ. ಇವಳೇ ಹೇಳಿದ್ಲು. ಮುಚ್ಚಿ."

ಯಾರೂ ಮುಂದೆ ಬರಲಿಲ್ಲ. ಅವಳೇ ಎರಡೂ ಕೈಯಿಂದ ದಂಡೆಯ ಮಣ್ಣನ್ನು ಮಡಿಲಿಗೆ ಎಳೆದುಕೊಳ್ಳತೊಡಗಿದಳು. ದೊಡ್ಡಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೀನಾಕ್ಷೀ ಎಂದು ಕರೆದರು. ನಾನು ಅವಳ ತೋಳು ಹಿಡಿದೆ. ಬಿಡು ಅಂದಳು, ನಾನು ಬಿಡಲಿಲ್ಲ. ಅವಳು ಇನ್ನೊಂದು ಕೈಯಿಂದ ಎಳೆಯುತ್ತಲೇ ಇದ್ದಳು. ಎಳೆದಷ್ಟನ್ನೂ ದೊಡ್ಡಪ್ಪ ಬೊಗಸೆಯಲ್ಲಿ ತುಂಬಿ ಹೊರಗೆ ಹಾಕುತ್ತಿದ್ದರು.